ಆ ಪತ್ರ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ

ಪ್ರಶ್ನೆ: ನನಗೆ 27 ವರ್ಷ. ಸಾವು ನಡೆದ ಮನೆಗಳನ್ನು ಸ್ವಚ್ಛ ಮಾಡಿಕೊಡುವ ಕಂಪನಿಯಲ್ಲಿ ಒಂದೂವರೆ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೊಲೆ ಆದ ಮನೆ, ಒಂಟಿಯಾಗಿದ್ದವರು ತೀರಿಕೊಂಡು ದಿನಗಟ್ಟಲೆ ಯಾರಿಗೂ ಗೊತ್ತಾಗದ ಮನೆ, ಎಲ್ಲಾ ಮಾಡಿದ್ದೇನೆ. ನಾಲ್ಕು ವಾರದ ಹಿಂದೆ ಒಬ್ಬ ಹುಡುಗ ಆತ್ಮಹತ್ಯೆ ಮಾಡಿಕೊಂಡಿದ್ದ ಕೋಣೆಗೆ ಹೋಗಿದ್ದೆವು. ಪೊಲೀಸರು ತಮ್ಮ ಕೆಲಸ ಮುಗಿಸಿ ಮನೆ ಬಿಟ್ಟುಕೊಟ್ಟಿದ್ದರು. ಮಂಚದ ಹಲಗೆ ಎತ್ತಿದಾಗ ಅಡಿಯಲ್ಲಿ ರಕ್ತದ ಕಲೆ ತಾಗಿದ, ಮಡಚಿದ ಪತ್ರ ಸಿಕ್ಕಿತು. ಮೇಲೆ 'ಅಮ್ಮನಿಗೆ' ಅಂತ ಬರೆದಿತ್ತು. ಸೂಪರ್‌ವೈಸರ್‌ಗೆ ತೋರಿಸಿದೆ. "ಮತ್ತೆ ಪೊಲೀಸರನ್ನ ಕರೆದರೆ ಮನೆಗೆ ಇನ್ನೊಂದು ವಾರ ಬೀಗ ಬೀಳುತ್ತೆ, ಹಳದಿ ಚೀಲಕ್ಕೆ ಹಾಕು" ಅಂದರು. ಹಾಕಲು ಮನಸ್ಸು ಬರಲಿಲ್ಲ. ಒಂದು ಜಿಪ್ ಕವರಿಗೆ ಹಾಕಿ ನನ್ನ ಬ್ಯಾಗಿನ ಅಡಿಗೆ ಇಟ್ಟುಕೊಂಡೆ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಅವನ ತಾಯಿ, "ಏನಾದ್ರೂ ಸಿಕ್ತೇನಪ್ಪಾ?" ಅಂತ ಕೇಳಿದರು. "ಇಲ್ಲಮ್ಮಾ" ಅಂದುಬಿಟ್ಟೆ. ಅವತ್ತು ರಾತ್ರಿ ಪತ್ರ ಓದಿದೆ. ತನ್ನ ಅಣ್ಣನ ಬಗ್ಗೆ ತುಂಬಾ ಕಹಿಯಾಗಿ ಬರೆದಿದ್ದಾನೆ. ಕೊಟ್ಟರೆ ಆ ಮನೆ ಒಡೆಯುತ್ತದೆ. ಕೊಡದೆ ನನಗೆ ನಿದ್ದೆ ಇಲ್ಲ, ಎಲ್ಲಿ ಮೆಟ್ಟಿಲು ಕಂಡರೂ ಆ ಅಮ್ಮ ಕೂತಿದ್ದಾರೆ ಅನಿಸುತ್ತದೆ. ಸುಟ್ಟುಬಿಡಲಾ?

ಉತ್ತರ: ಸುಡಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಉಳಿದದ್ದನ್ನು ಆಮೇಲೆ ಮಾತಾಡೋಣ.

ನೀವು ಮಾಡಿದ್ದರಲ್ಲಿ ಒಂದು ಸರಿ ಇದೆ, ಎರಡು ತಪ್ಪಿದೆ. ಹಳದಿ ಚೀಲಕ್ಕೆ ಹಾಕದೆ ಇದ್ದದ್ದು ಸರಿ. ಆ ಚೀಲ ನೇರವಾಗಿ ಸುಡುವ ಕುಲುಮೆಗೆ ಹೋಗುತ್ತದೆ, ಅಲ್ಲಿಂದ ಯಾವುದೂ ವಾಪಸ್ ಬರುವುದಿಲ್ಲ. ಇಟ್ಟುಕೊಂಡದ್ದು ತಪ್ಪು, ಓದಿದ್ದೂ ತಪ್ಪು. ಆದರೆ ಇವೆರಡೂ ತಿದ್ದಿಕೊಳ್ಳಬಹುದಾದ ತಪ್ಪುಗಳು, ನಾಲ್ಕು ವಾರ ಆಗಿದ್ದರೂ.

ನಿಮ್ಮ ಕೆಲಸ ಏನು ಅಂತ ಗೊತ್ತಿಲ್ಲದ ಓದುಗರು ಬಹಳ ಜನ ಇರುತ್ತಾರೆ, ಅವರಿಗಾಗಿ ಸ್ವಲ್ಪ ಹೇಳಬೇಕು. ಇಂಥ ಕೋಣೆಗೆ ಪೊಲೀಸರು ಬರುವುದು ಏನಾಯಿತು ಅಂತ ತಿಳಿಯಲು. ಫೋಟೋ ತೆಗೆಯುತ್ತಾರೆ, ಬೆರಳಚ್ಚು ಎತ್ತುತ್ತಾರೆ, ಬೇಕಾದ್ದನ್ನು ಕಟ್ಟಿಕೊಂಡು ಹೋಗುತ್ತಾರೆ. ಕೋಣೆ ತೊಳೆಯುವುದು ಅವರ ಕೆಲಸ ಅಲ್ಲ. ಆಂಬುಲೆನ್ಸ್‌ನವರದ್ದೂ ಅಲ್ಲ. ಅವರೆಲ್ಲ ಹೋದ ಮೇಲೆ ರಕ್ತ, ಬೆರಳಚ್ಚಿನ ಕಪ್ಪು ಪುಡಿ, ಬಿಚ್ಚಿ ಎಸೆದ ಗ್ಲೌಸ್ ಎಲ್ಲಾ ಹಾಗೇ ಬಿದ್ದಿರುತ್ತವೆ, ಮನೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ಇದನ್ನೀಗ ತಾವೇ ತೊಳೆಸಬೇಕು ಅಂತ ಎಷ್ಟೋ ಜನಕ್ಕೆ ಆ ಗಳಿಗೆಯವರೆಗೂ ಗೊತ್ತಿರುವುದಿಲ್ಲ.

ರಕ್ತ ಕಣ್ಣಿಗೆ ಕಂಡಷ್ಟೇ ಇರುವುದಿಲ್ಲ. ಕಾರ್ಪೆಟ್ ಮೇಲೆ ಅಂಗೈ ಅಗಲದ ಕಲೆ ಇದ್ದರೆ ಅದರಡಿಯ ಸ್ಪಂಜಿನಲ್ಲಿ ತಟ್ಟೆಯಷ್ಟಾಗಿರುತ್ತದೆ, ಕೆಳಗೆ ಮರದ ನೆಲ ಇದ್ದರೆ ಸಂದಿಗಳಿಗೆ ಇಳಿದಿರುತ್ತದೆ. ಬಿಸಿನೀರು ಹಾಕಿದರೆ ಕಲೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ರಕ್ತದ ಮೇಲೇ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಅಲ್ಲೇ ಮುಗಿದುಹೋಗುತ್ತದೆ. ಮೊದಲು ಕಾಣುವುದನ್ನೆಲ್ಲ ತೆಗೆದು, ಆಮೇಲೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಹಚ್ಚಿ, 10 ನಿಮಿಷ ಒದ್ದೆಯಾಗಿಯೇ ಬಿಡಬೇಕು. ಬೆರಳಚ್ಚಿನ ಪುಡಿಗೆ ನೀರು ಸೋಕಿದರೆ ಮಸಿಯ ಹಾಗೆ ಹರಡುತ್ತದೆ. ಹಾಸಿಗೆ, ದಿಂಬು ತೊಳೆದು ಆಗುವುದಿಲ್ಲ, ಕತ್ತರಿಸಿ ಕಟ್ಟಿ ಕಳಿಸಬೇಕು. ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಒಂದು ಕೋಣೆಯಲ್ಲಿ ಒಂದೊಂದು ಸಾಮಾನನ್ನೂ ಎತ್ತಿ, ತಿರುಗಿಸಿ, ಅಡಿ ನೋಡುವವರು ನಿಮ್ಮಂಥವರು ಮಾತ್ರ. ಪೊಲೀಸರ ಕಣ್ಣು ತಪ್ಪಿದ ಜಾಗಕ್ಕೆ ನಿಮ್ಮ ಕೈ ಹೋಗುತ್ತದೆ. ಪತ್ರ ನಿಮಗೆ ಸಿಕ್ಕಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ, ನೀವು ಕೆಲಸ ಸರಿಯಾಗಿ ಮಾಡಿದ್ದಕ್ಕೇ ಸಿಕ್ಕಿತು.

ನನ್ನದೊಂದು ಅನುಭವ ಹೇಳುತ್ತೇನೆ. ನನ್ನ ಸೋದರತ್ತೆ ಒಬ್ಬರೇ ಇದ್ದವರು. ತೀರಿಕೊಂಡು ಆರು ದಿನ ಆದ ಮೇಲೆ ನಮಗೆ ಗೊತ್ತಾಯಿತು. ನಾನೇ ತೊಳೆಯುತ್ತೇನೆ ಅಂತ ಹಟ ಹಿಡಿದು ಬಕೆಟ್ ತೆಗೆದುಕೊಂಡು ಹೋದೆ, ಹೊಸ್ತಿಲು ದಾಟಲಾಗದೆ ವಾಪಸ್ ಬಂದೆ. ಆಮೇಲೆ ನಿಮ್ಮಂಥವರನ್ನು ಕರೆಸಿದೆವು. ಎರಡನೇ ದಿನ ಸಂಜೆ ಅವರಲ್ಲೊಬ್ಬರು ಹೊರಗೆ ಬಂದು, ಮೇಲಿನ ಗ್ಲೌಸ್ ಬಿಚ್ಚಿ, ಅದರೊಳಗಿದ್ದ ಇನ್ನೊಂದು ಜೊತೆಯನ್ನೂ ಬಿಚ್ಚಿ, ಕೈ ತೊಳೆದುಕೊಂಡು ನನ್ನ ಹತ್ತಿರ ಬಂದರು. "ಮಂಚದ ಹಿಂದೆ ಒಂದು ಕನ್ನಡಕ ಸಿಕ್ಕಿದೆ. ಗಾಜು, ಫ್ರೇಮು ಸ್ವಚ್ಛ ಮಾಡಿಕೊಡ್ತೀನಿ. ಆದರೆ ಒಂದು ಕಡ್ಡಿಗೆ ದಾರ ಸುತ್ತಿದ್ದಾರೆ, ಅದು ಹೀರಿಕೊಂಡುಬಿಟ್ಟಿದೆ, ಉಳಿಸೋಕಾಗಲ್ಲ. ತೆಗೀಲಾ?" ಅಂತ ಕೇಳಿದರು. ಆ ದಾರ ಅತ್ತೆಯೇ ಸುತ್ತಿದ್ದು, ಕಡ್ಡಿ ಸಡಿಲ ಆಗಿತ್ತು ಅಂತ. ತೆಗೆಯಿರಿ ಅಂದೆ. ಕನ್ನಡಕ ಈಗಲೂ ನನ್ನ ಮೇಜಿನ ಡ್ರಾದಲ್ಲಿದೆ. ಒಂದು ಗೇಣು ದಾರ ಬಿಸಾಡಲು ಅವರು ನನ್ನನ್ನು ಕೇಳಿದರು ನೋಡಿ, ಅದನ್ನು ನಾನು ಮರೆತಿಲ್ಲ.

ಆದ್ದರಿಂದಲೇ ನಿಮ್ಮ ಸೂಪರ್‌ವೈಸರ್ ಹೇಳಿದ್ದು ನನಗೆ ನೋವು ತಂದಿತು. ಕೆಲಸದ ಒತ್ತಡ ಇತ್ತು ಅಂತ ಇಟ್ಟುಕೊಳ್ಳೋಣ, ಆ ತಾಯಿಗೆ ಬೇಗ ಮನೆ ಬಿಟ್ಟುಕೊಡೋಣ ಅಂತಲೂ ಇರಬಹುದು. ಆದರೂ ತಪ್ಪು ತಪ್ಪೇ. ಮನೆಯವರ ಕೈಯಲ್ಲಿ ತೊಳೆಯಿಸಬಾರದು ಅನ್ನುವಂಥದ್ದನ್ನು ತೊಳೆದುಕೊಡುವುದು ನಿಮ್ಮ ಕೆಲಸ. ಫೋಟೋ, ವಾಚು, ಪುಸ್ತಕ, ಪತ್ರ ಇವೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲ. ಇವನ್ನು ಬೇರೆ ಎತ್ತಿಟ್ಟು, ಪಟ್ಟಿ ಮಾಡಿ, ಮನೆಯವರನ್ನು ಕೇಳಿಯೇ ಮುಂದಿನ ಮಾತು. ಸಾವಿಗೇ ಸಂಬಂಧಿಸಿದ್ದು ಅಂತ ಅನುಮಾನ ಬಂದರೆ ಕೈ ನಿಲ್ಲಿಸಿ, ಇದ್ದಲ್ಲೇ ಬಿಟ್ಟು, ತನಿಖೆ ಮಾಡಿದವರಿಗೆ ಫೋನ್ ಮಾಡಬೇಕು. ಮನೆ ಒಂದು ವಾರ ತಡವಾಗಿ ಸಿಕ್ಕರೆ ಆ ತಾಯಿ ತಡೆದುಕೊಳ್ಳುತ್ತಿದ್ದರು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಆ ಅಮ್ಮ "ಏನಾದ್ರೂ ಸಿಕ್ತಾ" ಅಂತ ಕೇಳಿದ್ದು ಒಡವೆಗಾಗಿ ಅಲ್ಲ ಅಂತ ನಿಮಗೆ ಅವತ್ತೇ ಗೊತ್ತಿತ್ತು, ಅಲ್ವಾ? ಮಗ ಹೋಗುವ ಮುಂಚೆ ತನಗೆ ಒಂದು ಮಾತಾದರೂ ಹೇಳಿದನಾ ಅಂತ ಅವರು ಕೇಳಿದ್ದು. ಹೇಳಿದ್ದಾನೆ. ಅದು ನಿಮ್ಮ ಬ್ಯಾಗಿನಲ್ಲಿದೆ. ಅದರಲ್ಲಿ ಕಹಿ ಇದೆ ಅಂತ ನೀವು ಅವರನ್ನು ಕಾಪಾಡಲು ಹೊರಟಿದ್ದೀರಿ. ನಿಮ್ಮ ಮನಸ್ಸು ಒಳ್ಳೆಯದು, ಅನುಮಾನ ಇಲ್ಲ. ಆದರೆ ಅವರು ಈಗ ಸುಮ್ನೆ ಕೂತಿದ್ದಾರೆ ಅಂದುಕೊಂಡಿರಾ? ಮಗ ಯಾಕೆ ಹೀಗೆ ಮಾಡಿಕೊಂಡ ಅಂತ ದಿನಕ್ಕೆ ನೂರು ಸಲ ಕೇಳಿಕೊಂಡು, ನೂರು ಸಲವೂ ತಮ್ಮದೇ ತಪ್ಪು ಅಂತ ಉತ್ತರ ಕೊಟ್ಟುಕೊಳ್ಳುತ್ತಿರಬಹುದು. ಪತ್ರ ಓದಿ ನೋವಾಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆಗುತ್ತದೆ, ಜಾಸ್ತಿಯೇ ಆಗುತ್ತದೆ. ದೊಡ್ಡ ಮಗನಿಗೂ ಆಗುತ್ತದೆ. ಬದುಕಿನ ಅತ್ಯಂತ ಕೆಟ್ಟ ಗಳಿಗೆಯಲ್ಲಿ ಬರೆದ ಮಾತು ಅದು, ಇಡೀ ಬದುಕಿನ ಲೆಕ್ಕ ಅದರಲ್ಲಿ ಇರಲಾರದು, ಹಾಗಂತ ಯಾರಾದರೂ ಅವರ ಪಕ್ಕ ಕೂತು ಹೇಳಬೇಕಾಗುತ್ತದೆ. ಆದರೆ ಆ ನೋವನ್ನು ತಾವು ತಡೆದುಕೊಳ್ಳಬಲ್ಲೆವಾ ಇಲ್ಲವಾ ಅಂತ ತೀರ್ಮಾನ ಮಾಡಬೇಕಾದವರು ಅವರೇ. ನೀವಲ್ಲ, ನಾನೂ ಅಲ್ಲ.

ಹಾಗಾದರೆ ಇವತ್ತೇ ಹೋಗಿ ಅಮ್ಮನ ಕೈಗೆ ಕೊಟ್ಟುಬಿಡಲಾ ಅಂತ ಕೇಳುತ್ತೀರಿ. ಬೇಡ. ಮೊದಲು ಪೊಲೀಸರಿಗೆ. ಪತ್ರದಲ್ಲಿ ಇನ್ನೊಬ್ಬರ ಹೆಸರು ಇದೆ, ಅದನ್ನು ತನಿಖೆಯವರು ನೋಡಲೇಬೇಕು. ನೇರವಾಗಿ ತಾಯಿಗೆ ಕೊಟ್ಟರೆ ಒಬ್ಬ ಮಗನ ಕೊನೆಯ ಮಾತು, ಇನ್ನೊಬ್ಬ ಮಗನ ಮರ್ಯಾದೆ, ಎರಡರಲ್ಲಿ ಯಾವುದನ್ನು ಉಳಿಸಲಿ ಅಂತ ಅವರು ಒಬ್ಬರೇ ಒದ್ದಾಡಬೇಕು. ಬಚ್ಚಿಡಲಾ, ಸುಡಲಾ ಅಂತ ನೀವು ಈಗ ಪಡುತ್ತಿರುವ ಪಾಡನ್ನೇ ಅವರ ತಲೆಗೆ ಕಟ್ಟಿದ ಹಾಗೆ ಆಗುತ್ತದೆ. ಪೊಲೀಸರ ಕಡೆಯಿಂದ ಹೋದರೆ ಆ ಕಷ್ಟ ಇಲ್ಲ. ಪತ್ರದ ಪ್ರತಿಯನ್ನು ಅವರು ಕೊಡಬಹುದು, ಕಲೆ ಇರುವ ಕಾಗದವನ್ನು ಆ ತಾಯಿ ಮುಟ್ಟಬೇಕಾಗಿಲ್ಲ. ಮಗ ಅವರ ಹೆಸರಿಗೇ ಬರೆದದ್ದು ಅಂತ ನಿಮ್ಮ ಹೇಳಿಕೆಯಲ್ಲಿ ಬರೆಯಿರಿ, ಅದು ಅವರಿಗೆ ತಲುಪಬೇಕು ಅಂತ ಬಾಯಿಬಿಟ್ಟು ಕೇಳಿ.

ಭಯ ಇದೆ, ಗೊತ್ತು. ಸಾವಿನ ತನಿಖೆಗೆ ಸಂಬಂಧಿಸಿದ ವಸ್ತುವನ್ನು ಬಚ್ಚಿಡುವುದು ಬಹುತೇಕ ಎಲ್ಲ ಕಡೆಯೂ ತಪ್ಪೇ. ಹಾಗಾಗಿ ಒಬ್ಬರೇ ಹೋಗಬೇಡಿ. ಮೊದಲು ಒಬ್ಬ ವಕೀಲರನ್ನು ಕಂಡು, ಅವರ ಜೊತೆ ಹೋಗಿ. ಹೋಗುವ ಮುಂಚೆ ಒಂದು ಹಾಳೆಯಲ್ಲಿ ನಡೆದದ್ದನ್ನು ಇದ್ದ ಹಾಗೆ ಬರೆಯಿರಿ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಸಿಕ್ಕಿತು, ಯಾರಿಗೆ ತೋರಿಸಿದಿರಿ, ಅವರು ಏನಂದರು, ಎಲ್ಲಿ ಇಟ್ಟಿದ್ದಿರಿ. ಓದಿದ್ದನ್ನೂ ಬರೆಯಿರಿ. ಸೂಪರ್‌ವೈಸರ್ ಮೇಲೆ ಸಿಟ್ಟು ತೀರಿಸಿಕೊಳ್ಳುವ ಮಾತು ಒಂದೂ ಬೇಡ, ಅವರನ್ನು ಉಳಿಸುವ ಸುಳ್ಳೂ ಬೇಡ. ಇದರಿಂದ ನಿಮ್ಮ ಕೆಲಸಕ್ಕೆ ತೊಂದರೆ ಆಗುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ. ಆದರೆ ನಾಲ್ಕು ವಾರದಲ್ಲಿ ತಾನಾಗಿ ಬಂದು ಒಪ್ಪಿಸಿದವನಿಗೂ ನಾಲ್ಕು ವರ್ಷದ ಮೇಲೆ ಸಿಕ್ಕಿಬಿದ್ದವನಿಗೂ ತುಂಬಾ ವ್ಯತ್ಯಾಸ ಇದೆ.

ಪತ್ರವನ್ನು ಇನ್ನು ತೆರೆಯಬೇಡಿ. ಮಡಿಕೆ ಅಂಟಿಕೊಂಡಿದ್ದರೆ ಬಿಡಿಸಲು ಹೋಗಬೇಡಿ. ಕಲೆ ತೆಗೆಯಲು ಏನನ್ನೂ ಹಚ್ಚಬೇಡಿ, ಬ್ಲೀಚ್ ಸೋಕಿದರೆ ಶಾಯಿಯೇ ಹೋಗುತ್ತದೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೀರಿ, ಒಳಗೆ ತೇವ ಉಳಿದಿದ್ದರೆ ಬೂಷ್ಟು ಹಿಡಿಯುತ್ತದೆ. ರಕ್ತ ತಾಗಿದ ವಸ್ತುಗಳನ್ನು ತನಿಖೆಯವರು ಕಾಗದದ ಲಕೋಟೆಯಲ್ಲೇ ಇಡುವುದು ಇದಕ್ಕೇ. ಗ್ಲೌಸ್ ಹಾಕಿಕೊಂಡು, ಇದ್ದ ಹಾಗೇ ಒಂದು ಕಾಗದದ ಲಕೋಟೆಗೆ ಹಾಕಿ, ಮೇಲೆ ತಾರೀಕು ಬರೆಯಿರಿ. ಆ ಜಿಪ್ ಕವರನ್ನೂ ಎಸೆಯಬೇಡಿ, ಅದನ್ನೂ ಒಪ್ಪಿಸಿ.

ಇನ್ನೊಂದು. ಅದು ನಿಮ್ಮ ಊಟದ ಡಬ್ಬಿ ಇಡುವ ಬ್ಯಾಗಿನಲ್ಲೇ ಇದೆ ಅನ್ನಿಸುತ್ತಿದೆ, ರಾತ್ರಿ ಓದುವಾಗ ಗ್ಲೌಸ್ ಹಾಕಿರಲಿಲ್ಲ ಅಂತಲೂ ಅನ್ನಿಸುತ್ತಿದೆ. ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಬದುಕಿರುತ್ತದೆ, ಹೆಪಟೈಟಿಸ್ ಸಿ 6 ವಾರದವರೆಗೂ ಉಳಿಯಬಹುದು. ನಿಮಗೆ ಏನೋ ಆಗಿಬಿಟ್ಟಿದೆ ಅಂತ ಹೆದರಿಸುತ್ತಿಲ್ಲ, ಗಾಯ ಇಲ್ಲದ ಚರ್ಮಕ್ಕೆ ತಾಗಿದರೆ ಅಪಾಯ ಕಡಿಮೆ. ಆದರೂ ಒಮ್ಮೆ ಡಾಕ್ಟರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿ. ಹೆಪಟೈಟಿಸ್ ಬಿ ಲಸಿಕೆಯನ್ನು ಸಾಮಾನ್ಯವಾಗಿ 6 ತಿಂಗಳಲ್ಲಿ 3 ಸಲ ಕೊಡುತ್ತಾರೆ, ಪೂರ್ತಿ ಆಗಿದೆಯಾ ನೋಡಿಕೊಳ್ಳಿ. ಅಮೆರಿಕದಲ್ಲಿ 1991ರಲ್ಲಿ ಬಂದ ನಿಯಮದ ಪ್ರಕಾರ ರಕ್ತ ಮುಟ್ಟುವ ಕೆಲಸದವರಿಗೆ ಈ ಲಸಿಕೆಯನ್ನು ಮಾಲೀಕರೇ ಪುಕ್ಕಟೆ ಕೊಡಿಸಬೇಕು. ನಿಮ್ಮ ಕಂಪನಿ ಕೊಡಿಸಿಲ್ಲದಿದ್ದರೆ ಕೇಳಿ, ಸಂಕೋಚ ಬೇಡ.

ನಿದ್ದೆಯ ಮಾತು. ಪತ್ರ ಒಪ್ಪಿಸಿದ ದಿನವೇ ಎಲ್ಲ ಸರಿಹೋಗುತ್ತದೆ ಅಂತ ಕಾಯಬೇಡಿ. ಒಂದೂವರೆ ವರ್ಷ ಬೇರೆಯವರ ಮನೆಯ ಕೆಟ್ಟ ದಿನವನ್ನು ಉಜ್ಜಿ ತೊಳೆದಿದ್ದೀರಿ. ಹಾಗೆ ನೋಡುತ್ತಾ ನೋಡುತ್ತಾ, ತನಗೇ ಏನೂ ಆಗಿಲ್ಲದಿದ್ದರೂ ಮನಸ್ಸಿಗೆ ಪೆಟ್ಟಾಗುತ್ತದೆ. ಪೊಲೀಸರಿಗೆ, ನರ್ಸುಗಳಿಗೆ, ಬೆಂಕಿ ಆರಿಸುವವರಿಗೆ ಆಗುವ ಹಾಗೆಯೇ. ನಿಮ್ಮ ವಿಷಯದಲ್ಲಿ ಪತ್ರ ಓದಿದ್ದು ಇದನ್ನು ಹೆಚ್ಚು ಮಾಡಿತು. ಅಲ್ಲಿಯವರೆಗೆ ಅದು ಒಂದು ಕೋಣೆ ಆಗಿತ್ತು. ಓದಿದ ಮೇಲೆ ಅವನು ನಿಮ್ಮ ತಮ್ಮನಂತೆ ಆಗಿಬಿಟ್ಟ. ಒಬ್ಬ ಆಪ್ತಸಮಾಲೋಚಕರ ಹತ್ತಿರ ಹೋಗಿ ಇದನ್ನೆಲ್ಲ ಹೇಳಿ, ಪತ್ರದಲ್ಲಿ ಏನಿತ್ತು ಅನ್ನುವುದನ್ನು ಅವರೊಬ್ಬರಿಗೆ ಹೇಳಬಹುದು, ಗೆಳೆಯರಿಗೆ ಬೇಡ. ಸ್ವಲ್ಪ ದಿನ ಬೇರೆ ಥರದ ಕೆಲಸ ಕೊಡಿ ಅಂತ ಕಂಪನಿಯನ್ನು ಕೇಳಿ. ನಿಮಗೇ ಬದುಕು ಸಾಕು ಅನ್ನುವ ಯೋಚನೆ ಒಂದು ಸಲ ಸುಳಿದರೂ ಬೆಳಗಾಗಲಿ ಅಂತ ಕಾಯಬೇಡಿ, ಅದೇ ಗಳಿಗೆಯಲ್ಲಿ ಮನೆಯವರಲ್ಲಿ ಯಾರನ್ನಾದರೂ ಎಬ್ಬಿಸಿ ಹೇಳಿ, ಇಲ್ಲ ಆಸ್ಪತ್ರೆಗೆ ಹೋಗಿ.

ಆ "ಇಲ್ಲಮ್ಮಾ" ಉಳಿಯಿತು. ಅದನ್ನು ನೀವೇ ವಾಪಸ್ ತೆಗೆದುಕೊಳ್ಳಬೇಕು, ನಿಮ್ಮ ಪರವಾಗಿ ಪೊಲೀಸರು ಹೇಳಿದರೆ ಸಾಲದು. ಆದರೆ ಪತ್ರ ಅವರಿಗೆ ಮುಟ್ಟಿದ ಮೇಲೆ, ವಕೀಲರು ಅಡ್ಡಿ ಇಲ್ಲ ಅಂದ ಮೇಲೆ. ಮೊದಲು ಹೇಳಿಕಳಿಸಿ, ಬರಬಹುದಾ ಅಂತ ಕೇಳಿ. ಬೇಡ ಅಂದರೆ ಹೋಗಬೇಡಿ, ನಾಲ್ಕು ಸಾಲು ಬರೆದು ಕಳಿಸಿ. ಬನ್ನಿ ಅಂದರೆ ಕೆಲಸದ ಬಟ್ಟೆಯಲ್ಲಿ ಹೋಗಬೇಡಿ. ತುಂಬಾ ವಿವರಣೆಯೂ ಬೇಡ. "ಅಮ್ಮಾ, ಅವತ್ತು ನೀವು ಕೇಳಿದಾಗ ನನ್ನ ಹತ್ತಿರ ಪತ್ರ ಇತ್ತು. ಇಲ್ಲ ಅಂದೆ. ತಪ್ಪಾಯ್ತು" ಅಂತ ಹೇಳಿ ಸುಮ್ಮನಿರಿ. ಅವರು ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು, ಒಳಗೆ ಕರೆಯಲೂಬಹುದು. ಏನು ಮಾಡಿದರೂ ಅದು ಅವರ ಹಕ್ಕು. ಮಗನ ಕೋಣೆ ಹೇಗಿತ್ತು, ಅವನು ಏನೇನು ಇಟ್ಟುಕೊಂಡಿದ್ದ, ಗೋಡೆಯ ಮೇಲೆ ಏನಿತ್ತು ಅಂತ ಅವರು ಕೇಳಿದರೆ, ಹೇಳಬಹುದಾದಷ್ಟನ್ನು ಹೇಳಿ. ಆ ಕೋಣೆಯಲ್ಲಿ ಎಲ್ಲವನ್ನೂ ಕೈಯಾರೆ ಎತ್ತಿ ನೋಡಿದವರು ನೀವು.