ಉತ್ತರ: ಒಂದೇ ಸಲ ನಾಲ್ಕು ಎನ್‌ಪಿಟೆಲ್ ಕೋರ್ಸು, ಅಸೈನ್‌ಮೆಂಟ್ ಉತ್ತರ ಎಲ್ಲಿ ಸಿಗ್ತದೆ?

ಎನ್‌ಪಿಟೆಲ್‌ನಲ್ಲಿ (ಐಐಟಿಗಳಂಥ ಸಂಸ್ಥೆಗಳ ಆನ್‌ಲೈನ್ ಕೋರ್ಸುಗಳ ತಾಣ) ನಾಲ್ಕು ಕೋರ್ಸಿಗೆ ಸೇರಿದ್ದೇನೆ, ಅಸೈನ್‌ಮೆಂಟ್ ಉತ್ತರ ಹಾಕುವ ಟೆಲಿಗ್ರಾಂ ಗುಂಪಿನ ಲಿಂಕ್ ಕೊಡಿ ಅಂತ ಕೇಳಿದ್ದೀರಿ. ಮೊದಲು ಆ ಲಿಂಕ್ ಕೇಳೋದು ಬಿಡಿ ಮಾರಾಯರೇ. ನಾಲ್ಕು ಕೋರ್ಸಿಗೆ ಒಟ್ಟಿಗೆ ಸೇರಿ, ವಿಡಿಯೊ ಎಲ್ಲ ಡೌನ್‌ಲೋಡ್ ಮಾಡಿಟ್ಟು, ಉತ್ತರಕ್ಕೆ ಗುಂಪು ಹುಡುಕುವವರು ಪ್ರತಿ ಜನವರಿಗೆ, ಜುಲೈಗೆ ಇಲ್ಲಿ ಬರ್ತಾನೇ ಇರ್ತಾರೆ.

ಲೆಕ್ಕ ನೋಡಿ. ಅಸೈನ್‌ಮೆಂಟಿಗೆ 25, ಸೆಂಟರಿಗೆ ಹೋಗಿ ಬರೆಯುವ ಪರೀಕ್ಷೆಗೆ 75. ಸರ್ಟಿಫಿಕೇಟ್ ಬೇಕಾದರೆ 25ರಲ್ಲಿ 10, 75ರಲ್ಲಿ 30, ಎರಡೂ ಬೇರೆಬೇರೆಯಾಗಿ ದಾಟಬೇಕು. ಟೆಲಿಗ್ರಾಂ ಕೃಪೆಯಿಂದ 25ಕ್ಕೆ 25 ಬಂತು ಅಂತಿಟ್ಟುಕೊಳ್ಳಿ, ಪರೀಕ್ಷೆಯಲ್ಲಿ ನೂರಕ್ಕೆ 38 ಬಂದರೆ ಅದು 75ಕ್ಕೆ 28.5. ಒಟ್ಟು 53.5 ಆದರೂ ಸರ್ಟಿಫಿಕೇಟ್ ಇಲ್ಲ. ಪ್ರೋಗ್ರಾಮಿಂಗ್ ಪರೀಕ್ಷೆ ಇರುವ ಕೋರ್ಸುಗಳಲ್ಲಿ ಅಂಕದ ಹಂಚಿಕೆ ಬೇರೆ ಇರ್ತದೆ, ಕೋರ್ಸ್ ಪುಟದಲ್ಲೇ ಬರೆದಿರ್ತಾರೆ, ಓದಿ. ಇನ್ನು ಆ ಗುಂಪುಗಳ ಉತ್ತರ ಸರಿ ಇರ್ತದೆ ಅಂತ ಯಾರು ಹೇಳಿದ್ದು? ಒಬ್ಬ ತಪ್ಪು ಹಾಕ್ತಾನೆ, ಇನ್ನೂರು ಜನ ಅದನ್ನೇ ಒತ್ತಿ ಬರ್ತಾರೆ.

ಅಸಲಿಗೆ ಅಷ್ಟು ಹೆದರುವ ಅಗತ್ಯವೂ ಇಲ್ಲ. 12 ವಾರದ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್, 8 ವಾರದ್ದರಲ್ಲಿ 6, 4 ವಾರದ್ದರಲ್ಲಿ 3 ಮಾತ್ರ ಲೆಕ್ಕಕ್ಕೆ ಬರೋದು. ಸೊನ್ನೆಯನೇ ವಾರದ್ದು (ಪಾಠ ಶುರುವಾಗುವ ಮೊದಲಿನ ತಾಲೀಮು) ಲೆಕ್ಕಕ್ಕೇ ಇಲ್ಲ. ಮನೆಯಲ್ಲಿ ಮದುವೆ, ಕರೆಂಟಿಲ್ಲ, ಜ್ವರ, ಎಲ್ಲಕ್ಕೂ ಅಲ್ಲೇ ಜಾಗ ಇದೆ.

ಒಂದು ಕೋರ್ಸಿಗೆ ವಾರಕ್ಕೆ ಸುಮಾರು ಎರಡೂವರೆ ಗಂಟೆ ವಿಡಿಯೊ. ನಾಲ್ಕಕ್ಕೆ ಹತ್ತು ಗಂಟೆ, ಅದೂ ಪೆನ್ನು ಮುಟ್ಟದೆ ಸುಮ್ಮನೆ ನೋಡಿದರೆ. ಕೈಯಾರೆ ಮಾಡಿ ಕಲಿಯಬೇಕಾದ ವಿಷಯಕ್ಕೆ ಕನಿಷ್ಠ ಇನ್ನಷ್ಟೇ ಸೇರಿಸಿ. ಕೆಲಸಕ್ಕೆ ಹೋಗುವವರಿಗೆ ಒಂದು ಕೋರ್ಸು ಸಾಕು, ಕಾಲೇಜಿನವರಿಗೆ ಎರಡು. ಬಿಡಬೇಕಾದ್ದನ್ನು ಇವತ್ತೇ ಬಿಡಿ. ಬಿಡುವ ಮೊದಲು ಪರೀಕ್ಷೆ ದಿನಾಂಕ ನೋಡಿ, ಒಂದೇ ದಿನ ಬೀಳುವವು ಇದ್ದರೆ ಯಾವುದನ್ನು ಕೈಬಿಡೋದು ಅಂತ ಅಲ್ಲೇ ತೀರ್ಮಾನ ಆಗ್ತದೆ.

ಈಗ ನಿಜವಾದ ವಿಷಯ: ಫೋರಂ, ಅಂದರೆ ಕೋರ್ಸಿನವರೇ ಪ್ರಶ್ನೆ ಕೇಳಿ ಚರ್ಚಿಸುವ ಪುಟ. ಇದನ್ನು ಯಾರೂ ಬಳಸೋದಿಲ್ಲ. ಬಳಸಿದವರೂ "ಸರ್ ಅರ್ಥ ಆಗಲಿಲ್ಲ, ವಿವರಿಸಿ" ಅಂತ ಹಾಕಿ ಹೋಗ್ತಾರೆ. ಏನು ಅರ್ಥ ಆಗಲಿಲ್ಲ? ಸಾವಿರಗಟ್ಟಲೆ ಜನ ಇರುವ ಕೋರ್ಸಿನಲ್ಲಿ ನಿಮ್ಮ ತಲೆಯೊಳಗೆ ಇಣುಕಿ ನೋಡಲು ಟೀಚಿಂಗ್ ಅಸಿಸ್ಟೆಂಟಿಗೆ ಪುರುಸೊತ್ತಿಲ್ಲ. ಉತ್ತರ ಬರುವ ಪ್ರಶ್ನೆಯಲ್ಲಿ ಇಷ್ಟಿರಬೇಕು: ಶೀರ್ಷಿಕೆಯಲ್ಲಿ ವಾರದ ಸಂಖ್ಯೆ, ವಿಡಿಯೊ ಬಗ್ಗೆ ಆದರೆ ಎಷ್ಟನೇ ನಿಮಿಷ, ನೀವು ಮಾಡಿದ್ದೇನು, ಬರಬೇಕಾದ್ದೇನು, ಬಂದದ್ದೇನು. ಉದಾಹರಣೆಗೆ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕೋರ್ಸಿನಲ್ಲಿ ಹೀಗೆ:

"ವಾರ 2, ಪೈಥಾನ್ 3. 0.1 ಮತ್ತು 0.2 ಕೂಡಿಸಿ 0.3ಕ್ಕೆ ಸಮವೇ ಅಂತ ಕೇಳಿದೆ. ಟ್ರೂ ಬರಬೇಕಿತ್ತು, ಫಾಲ್ಸ್ ಬಂತು. ಮೊತ್ತ ಪ್ರಿಂಟ್ ಮಾಡಿದರೆ 0.30000000000000004 ತೋರಿಸ್ತದೆ. 0.5 ಮತ್ತು 0.25ಕ್ಕೆ ಈ ತೊಂದರೆ ಇಲ್ಲ. ಯಾಕೆ?"

ಕೊನೆಯ ಸಾಲಿಗೆ ಮುಂಚಿನ ಸಾಲು ನೋಡಿ, ಅದರಲ್ಲೇ ಅರ್ಧ ಉತ್ತರ ಇದೆ. 0.5, 0.25 ಎರಡೂ ಬೈನರಿಯಲ್ಲಿ (ಕಂಪ್ಯೂಟರಿನ 0-1 ಲೆಕ್ಕದಲ್ಲಿ) ಸರಿಯಾಗಿ ಕೂರ್ತವೆ, 0.1 ಕೂರೋದಿಲ್ಲ. ಎಲ್ಲಿ ಕೆಲಸ ಮಾಡ್ತದೆ, ಎಲ್ಲಿ ಮಾಡೋದಿಲ್ಲ ಅಂತ ಗೆರೆ ಎಳೆಯುವಷ್ಟರಲ್ಲಿ ಪ್ರಶ್ನೆಯೇ ಬಗೆಹರಿದುಬಿಡುವುದು ಮಾಮೂಲು. ಆಗಲೂ ಪೋಸ್ಟ್ ಅಳಿಸಬೇಡಿ, ಉತ್ತರವನ್ನು ನೀವೇ ಕೆಳಗೆ ಹಾಕಿ. ಕೋಡನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಹಾಕುವ ಚಾಳಿ ಬಿಡಿ, ಅಕ್ಷರದಲ್ಲೇ ಹಾಕಿ. ಫೋಟೊದಲ್ಲಿದ್ದದ್ದನ್ನು ಯಾರಿಗೂ ಕಾಪಿ ಮಾಡಿ ಓಡಿಸಿ ನೋಡಲಾಗೋದಿಲ್ಲ. ಮತ್ತೆ, ಗಡುವು ಮುಗಿಯುವ ಮೊದಲು ಅಸೈನ್‌ಮೆಂಟಿನ ಪೂರ್ತಿ ಉತ್ತರ ಫೋರಂನಲ್ಲಿ ಹಾಕಬಾರದು, ಸುಳಿವು ಕೊಡಬಹುದು.

ಪ್ರೋಗ್ರಾಮಿಂಗ್ ಅಸೈನ್‌ಮೆಂಟಿನಲ್ಲಿ ಜನ ಅಂಕ ಕಳೆದುಕೊಳ್ಳೋದು ಕ್ಷುಲ್ಲಕ ಕಾರಣಕ್ಕೆ. ಇನ್‌ಪುಟ್ ಕೇಳುವಾಗ "ಸಂಖ್ಯೆ ಕೊಡಿ" ಅಂತ ಸಂದೇಶ ಬರೀತಾರೆ. ಆ ಸಂದೇಶವೂ ಔಟ್‌ಪುಟ್‌ಗೆ ಸೇರಿ ಟೆಸ್ಟ್ ಕೇಸ್ (ಕೋಡ್ ಸರಿಯಿದೆಯಾ ಅಂತ ನೋಡಲು ಕೊಡುವ ಇನ್‌ಪುಟ್, ಅದಕ್ಕೆ ಬರಬೇಕಾದ ಉತ್ತರ) ಬಿದ್ದುಹೋಗ್ತದೆ. input() ಬರೆಯುವಾಗ ಆವರಣ ಖಾಲಿ ಬಿಡಿ. ಕಾಣುವ ಟೆಸ್ಟ್ ಕೇಸ್ ಪಾಸಾಯ್ತು ಅಂತ ಎದ್ದು ಹೋಗಬೇಡಿ, ಅಂಕ ಸಿಗೋದು ಗಡುವಿನ ನಂತರ ಓಡುವ ಗುಪ್ತ ಟೆಸ್ಟ್ ಕೇಸಿಗೆ. ಖಾಲಿ ಪಟ್ಟಿ, ಒಂದೇ ಅಂಶ, ಋಣಸಂಖ್ಯೆ, ಈ ಮೂರನ್ನು ಕೊಟ್ಟು ನೋಡಿ. ರನ್ ಒತ್ತಿದರೆ ಸಬ್‌ಮಿಟ್ ಆಗೋದಿಲ್ಲ, ಅದಕ್ಕೆ ಬೇರೆ ಬಟನ್ ಇದೆ.

ಜೊತೆಗೆ ಒಂದು ಸಣ್ಣ ಗುಂಪು ಕಟ್ಟಿ, ಮೂರು ನಾಲ್ಕು ಜನ ಸಾಕು. ಹತ್ತು ಜನ ಆದರೆ ಗುಡ್ ಮಾರ್ನಿಂಗ್ ಚಿತ್ರ ಶುರು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂತು, ಪ್ರತಿಯೊಬ್ಬರೂ ತಮಗೆ ತಿಳಿಯದ ಒಂದು ವಿಷಯ ತರಬೇಕು. ವಿಡಿಯೊ ಒಟ್ಟಿಗೆ ನೋಡುವುದು ಸಮಯ ಹಾಳು. ಕನ್ನಡದಲ್ಲೇ ಮಾತಾಡಿ, ರಿಕರ್ಶನ್ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು) ಅನ್ನು ಕನ್ನಡದಲ್ಲಿ ವಿವರಿಸಲು ತಡವರಿಸಿದಿರಿ ಅಂದರೆ ಅದು ಇನ್ನೂ ತಲೆಗೆ ಹತ್ತಿಲ್ಲ ಅಂತಲೇ.

ಇಂಥ, ಸಾವಿರಾರು ಜನ ಸೇರಬಹುದಾದ ಮುಕ್ತ ಆನ್‌ಲೈನ್ ಕೋರ್ಸಿಗೆ ಮೂಕ್ ಅಂತಾರೆ, ಆ ಹೆಸರು ಬಂದದ್ದೇ ಹೀಗೆ ಒಬ್ಬರಿಂದೊಬ್ಬರು ಕಲಿಯುವುದರಿಂದ. 2008ರಲ್ಲಿ ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸೀಮೆನ್ಸ್, ಸ್ಟೀಫನ್ ಡೌನ್ಸ್ ನಡೆಸಿದ ಕೋರ್ಸಿಗೆ ದುಡ್ಡು ಕೊಟ್ಟವರು ಸುಮಾರು 25 ಜನ, ಉಚಿತವಾಗಿ ಸೇರಿದವರು ಎರಡು ಸಾವಿರಕ್ಕೂ ಹೆಚ್ಚು. ಜನ ತಂತಮ್ಮ ಬ್ಲಾಗಿನಲ್ಲಿ ಬರೆದದ್ದನ್ನು ದಿನಾ ಒಂದು ಇಮೇಲ್ ಪತ್ರಿಕೆಯಲ್ಲಿ ಒಟ್ಟುಹಾಕಿ ಕಳಿಸುತ್ತಿದ್ದರು, ಅದೇ ಪಾಠದ ದೊಡ್ಡ ಭಾಗ. ಆಮೇಲೆ 2012ರಲ್ಲಿ ಕೋರ್ಸೆರಾ, ಎಡ್ಎಕ್ಸ್ ಅನ್ನುವ ಕೋರ್ಸ್ ತಾಣಗಳು ಬಂದ ಮೇಲೆ ಅದು ವಿಡಿಯೊ ಅಂಗಡಿ ಆಯ್ತು.

ಕೋರ್ಸೆರಾದ ವಿಡಿಯೊ ಗುಣಮಟ್ಟ ಚೆನ್ನಾಗಿದೆ, ಆದರೆ ಗಡುವನ್ನು ಮುಂದೂಡುತ್ತಾ ಹೋಗಬಹುದು, ಸೋಮಾರಿಗಳಿಗೆ ಹೇಳಿ ಮಾಡಿಸಿದ್ದು. ದುಡ್ಡಿಲ್ಲದಿದ್ದರೆ ಫೈನಾನ್ಷಿಯಲ್ ಏಡ್ ಕೇಳಿ, ಒಪ್ಪಿಗೆಗೆ ಸುಮಾರು ಎರಡು ವಾರ ಹಿಡೀಬಹುದು, ಮುಂಚೆಯೇ ಹಾಕಿ. ಸಹಪಾಠಿಗಳೇ ತಿದ್ದುವ ಅಸೈನ್‌ಮೆಂಟಿನಲ್ಲಿ ನೀವು ಬೇರೆಯವರದ್ದು ತಿದ್ದದೆ ನಿಮ್ಮದು ಮುಂದೆ ಹೋಗೋದಿಲ್ಲ. "ಗುಡ್" ಅಂತ ಬರೆದು ಪಾರಾಗಬೇಡಿ. ಗಡುವು ಇಲ್ಲದೆ ಓದೋದು ನಿಮ್ಮ ಜಾಯಮಾನ ಅಲ್ಲ ಅಂದರೆ ಎನ್‌ಪಿಟೆಲ್ಲೇ ವಾಸಿ. ಸಾಮಾನ್ಯವಾಗಿ ಬುಧವಾರ ರಾತ್ರಿ 11:59ಕ್ಕೆ ಬಾಗಿಲು ಹಾಕ್ತದೆ, 11:50ಕ್ಕೆ ಕೂತರೆ ಸರ್ವರ್ ಕೈಕೊಟ್ಟಾಗ ಯಾರನ್ನೂ ಬೈಯಬೇಡಿ.

ಕೊನೆಗೆ, ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಕೊಟ್ಟಂತಾಗಲಿಲ್ಲ. ಅದು ಬೇರೆ ಅರ್ಜಿ, ಬೇರೆ ಶುಲ್ಕ, ಕೋರ್ಸ್ ಅರ್ಧದಲ್ಲಿರುವಾಗಲೇ ಮುಗಿಯುವ ಬೇರೆ ಗಡುವು. ಅದರಲ್ಲಿ ಕೊಟ್ಟ ಹೆಸರೇ ಸರ್ಟಿಫಿಕೇಟಿನಲ್ಲಿ ಅಚ್ಚಾಗೋದು, ಇನಿಶಿಯಲ್ ಸಮೇತ ಗುರುತಿನ ಚೀಟಿಗೆ ಹೊಂದಿಸಿ ತುಂಬಿ.