ಅಣಕು ಹವಾಮಾನ ಮಾತುಕತೆ ಭಾಷಣ ಸ್ಪರ್ಧೆಯಾಗುತ್ತಿದ್ದರೆ

ಗದಗಿನ ನಿಮ್ಮ ಪದವಿ ವಿದ್ಯಾರ್ಥಿಗಳು ಅಣಕು ಹವಾಮಾನ ಮಾತುಕತೆಯಲ್ಲಿ (ಒಂದೊಂದು ತಂಡ ಒಂದೊಂದು ದೇಶದ ಪರವಾಗಿ ವಿಶ್ವಸಂಸ್ಥೆಯ ಹವಾಮಾನ ಸಭೆಯನ್ನು ಅನುಕರಿಸುವ ಅಭ್ಯಾಸದಲ್ಲಿ) ಚೌಕಾಸಿಗಿಳಿಯದೆ ಭಾಷಣ ಮಾಡಿ ಕುಳಿತುಬಿಡುವುದಕ್ಕೆ ಬಹುಶಃ ಕಾರಣ, ಅವರ ಕೈಯಲ್ಲಿ ದೇಶದ ಪರಿಚಯವಿದೆಯೇ ಹೊರತು ತಿದ್ದಬೇಕಾದ ಒಪ್ಪಂದದ ಕರಡಿಲ್ಲ. ಮೊದಲು ಹಣಕಾಸಿನ ವಿಷಯವೊಂದನ್ನೇ ಆರಿಸಿಕೊಳ್ಳಿ. ಹವಾಮಾನ ಬದಲಾವಣೆಯನ್ನು ಎದುರಿಸಲು ಶ್ರೀಮಂತ ದೇಶಗಳು ಅಭಿವೃದ್ಧಿಶೀಲ ದೇಶಗಳಿಗೆ ಒದಗಿಸಬೇಕಾದ ಹಣದ ಬಗ್ಗೆ 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ವರ್ಷಕ್ಕೆ 10,000 ಕೋಟಿ ಡಾಲರ್ ಎಂದಿದ್ದ ಮಾತು 2024ರಲ್ಲಿ ಬಾಕುವಿನಲ್ಲಿ 2035ರ ಹೊತ್ತಿಗೆ ವರ್ಷಕ್ಕೆ ಕನಿಷ್ಠ 30,000 ಕೋಟಿಗೆ ಬಂದು ನಿಂತದ್ದು ಅವರಿಗೆ ತಿಳಿದಿರಲಿ. ಆಮೇಲೆ ಬಿಟ್ಟುಕೊಡಬಹುದಾದದ್ದನ್ನೂ ಬಿಡಲೇಬಾರದ್ದನ್ನೂ ಬರೆದ ಗುಟ್ಟಿನ ಚೀಟಿಯನ್ನು ಪ್ರತಿ ತಂಡಕ್ಕೂ ಕೊಡಿ. ಕರಡನ್ನು ಹಲಗೆಯ ಮೇಲೆ ಬರೆದು, ಒಪ್ಪಿಗೆಯಾಗದ ಪದಗಳನ್ನು ನಿಜವಾದ ಸಭೆಗಳಲ್ಲಿ ಮಾಡುವಂತೆ ಚೌಕ ಆವರಣದೊಳಗಿಡಿ. ಧಾರವಾಡದಲ್ಲಿ ನಾನು ನಡೆಸಿದಾಗ ‘ನೀಡತಕ್ಕದ್ದು’, ‘ನೀಡಬಹುದು’ ಎಂಬೆರಡರ ನಡುವೆಯೇ ಅರ್ಧ ಗಂಟೆ ಜಗ್ಗಾಟ ನಡೆಯಿತು (ತಡೆಯಬೇಡಿ, ಕಲಿಯುವುದೇ ಅಲ್ಲಿ). ಮತಕ್ಕೆ ಹಾಕದಿರಿ, ನಿಜವಾದ ಸಭೆಗಳಲ್ಲಿ ಸರ್ವಸಮ್ಮತಿಯೇ ರೂಢಿ. ನಲವತ್ತಕ್ಕಿಂತ ಹೆಚ್ಚು ಮಂದಿಯಿದ್ದರೆ ಇದು ಹಿಡಿತಕ್ಕೆ ಸಿಕ್ಕೀತೆಂಬ ಭರವಸೆ ನನಗಿಲ್ಲ. ಎರಡು ಕೋಣೆಗಳಲ್ಲಿ ಕೂರಿಸಿ.