ಕುದುರೆ ಗಾಡಿಯ ನೆರೆಯವರ ಬಗ್ಗೆ ಕೇಳಿದವರಿಗೆ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾದಲ್ಲಿ ಮನೆ ಗೊತ್ತುಮಾಡಿಕೊಂಡು ಮುಂದಿನ ತಿಂಗಳು ಸಂಸಾರ ಸಮೇತ ಬರಲಿರುವ ನೀವು, ಅಲ್ಲಿ ಮೆನೊನೈಟರೆಂಬ ಕ್ರೈಸ್ತ ಪಂಥದವರು ಹೆಚ್ಚಾಗಿದ್ದಾರಂತೆ, ಮಕ್ಕಳೊಂದಿಗೆ ಅವರ ನಡುವೆ ಇರುವುದು ಹೇಗೆ ಎಂದು ಕೇಳಿದ್ದೀರಿ. ಒಂದು ಧಾರಾವಾಹಿಯಲ್ಲಿ ಅವರು ಮಾದಕ ವಸ್ತು ಸಾಗಿಸುವುದನ್ನು ಕಂಡಿದ್ದೀರಿ, ಸುದ್ದಿಯಲ್ಲಿ ಅವರಿಂದ ದಡಾರ ಹರಡಿತೆಂದು ಓದಿದ್ದೀರಿ, ಪ್ರವಾಸಿಗಳ ವಿಡಿಯೊಗಳಲ್ಲಿ ಮಾತ್ರ ಅವರು ಹಳೆಯ ಚಿತ್ರಪಟದಿಂದ ಎದ್ದುಬಂದವರಂತೆ ಕಾಣುತ್ತಾರೆ ಎಂದಿದ್ದೀರಿ. ಈ ವಾಟರ್ಲೂ ಸೀಮೆಗೆ ಬಂದು ನನಗೆ 19 ವರ್ಷಗಳಾದವು. ನೀವು ಕಂಡ ಮೂರೂ ಚಿತ್ರಗಳು ಒಂದೇ ಜನರವಲ್ಲ ಎಂಬುದನ್ನು ಮೊದಲು ಹೇಳಬೇಕು.

ಹದಿನಾರನೆಯ ಶತಮಾನದಲ್ಲಿ ಮೆನೊ ಸೈಮನ್ಸ್ ಎಂಬ ಡಚ್ ಪಾದ್ರಿ ಕ್ಯಾಥೊಲಿಕ್ ಸಭೆಯನ್ನು ಬಿಟ್ಟು, ತಿಳಿವಳಿಕೆ ಬಂದ ಮೇಲೆಯೇ ದೀಕ್ಷಾಸ್ನಾನ, ಯಾವ ಕಾರಣಕ್ಕೂ ಆಯುಧ ಹಿಡಿಯಬಾರದು ಎಂಬ ಪಂಥವನ್ನು ಸೇರಿದ. ಹೆಸರು ಅವನಿಂದ ಬಂತು. ನಿಮ್ಮ ಊರಿನ ಸುತ್ತ ಇರುವ, ಹಳೆಯ ಕಟ್ಟಳೆ ಬಿಡದೆ ಕುದುರೆ ಗಾಡಿಯಲ್ಲೇ ಓಡಾಡುವ ಓಲ್ಡ್ ಆರ್ಡರ್ ಕುಟುಂಬಗಳ ಪೂರ್ವಿಕರು ಅಮೆರಿಕದ ಪೆನ್ಸಿಲ್ವೇನಿಯಾದಿಂದ ಬಂದವರು. 1805ರಲ್ಲಿ ಅವರು ಇಲ್ಲಿ 60,000 ಎಕರೆ ಕೊಂಡರು. ಅದು ಮೊದಲು ಸಿಕ್ಸ್ ನೇಷನ್ಸ್ ಮೂಲನಿವಾಸಿಗಳಿಗೆ ಕೊಟ್ಟಿದ್ದ ನೆಲ ಎಂಬುದನ್ನೂ ಮರೆಯುವಂತಿಲ್ಲ. ಮೆಕ್ಸಿಕೊದಿಂದ ಇದೇ ಪ್ರಾಂತ್ಯದ ಏಲ್ಮರ್, ಲೆಮಿಂಗ್ಟನ್ ಊರುಗಳ ಕಡೆಗೆ ಮರಳಿದ ಮೆನೊನೈಟರ ಕಥೆಯೇ ಬೇರೆ. ಅವರ ಹಿರಿಯರು ಇಂದಿನ ಉಕ್ರೇನ್ ಪ್ರದೇಶದಿಂದ 1870ರ ದಶಕದಲ್ಲಿ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯಕ್ಕೆ ಬಂದರು. ಸರ್ಕಾರ ಮಕ್ಕಳಿಗೆ ಇಂಗ್ಲಿಷ್ ಶಾಲೆಯನ್ನು ಕಡ್ಡಾಯ ಮಾಡಿದಾಗ 1922ರಿಂದ ಮೆಕ್ಸಿಕೊಕ್ಕೆ ಹೋದರು. ಮನೆಯಲ್ಲಿ ಅವರದು ಲೋ ಜರ್ಮನ್, ನಿಮ್ಮ ನೆರೆಯವರದು ಪೆನ್ಸಿಲ್ವೇನಿಯಾ ಜರ್ಮನ್. ಇವೆರಡರ ಆಚೆಗೆ, ನಮ್ಮ ನಿಮ್ಮಂತೆಯೇ ಉಟ್ಟು ತೊಟ್ಟು, ಶಾಲೆ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಮೆನೊನೈಟರು ಈ ಊರುಗಳ ತುಂಬ ಇದ್ದಾರೆ. ನಮ್ಮ ರಾಯಚೂರಿನ ಗಡಿಯಾಚೆ ಮಹಬೂಬ್‌ನಗರದ ಕಡೆ ತೆಲುಗಿನಲ್ಲಿ ಪ್ರಾರ್ಥಿಸುವ ಮೆನೊನೈಟ್ ಸಭೆಗಳಿವೆ; ಈ ಪಂಥದ ಜಾಗತಿಕ ಸಮಾವೇಶ 1997ರಲ್ಲಿ ಕೋಲ್ಕತ್ತದಲ್ಲಿಯೇ ನಡೆಯಿತು. ಕ್ಯಾಮೆರಾಕ್ಕೆ ಮಾತ್ರ ಬಿಳಿಯ ಮುಖ, ಕಪ್ಪು ಟೋಪಿ, ಕುದುರೆ ಗಾಡಿ ಇಷ್ಟೇ ಸಾಕಾಗುತ್ತದೆ.

ನೀವು ನೋಡಿರುವುದು 2017ರಲ್ಲಿ ಕೆನಡಾದ ಸಾರ್ವಜನಿಕ ವಾಹಿನಿ ಸಿಬಿಸಿ ಪ್ರಸಾರ ಮಾಡಿದ ‘ಪ್ಯೂರ್’ ಧಾರಾವಾಹಿ ಇರಬೇಕು. ಮೆಕ್ಸಿಕೊದ ವಸಾಹತುಗಳೊಂದಿಗೆ ನಂಟಿದ್ದ ಕೆಲವರು ಮಾದಕ ವಸ್ತು ಸಾಗಿಸಿ ಸಿಕ್ಕಿಬಿದ್ದದ್ದು ನಿಜ, ಕಥೆಯ ಬೀಜ ಅದೇ. ಆದರೆ ಧಾರಾವಾಹಿ ಆ ಅಪರಾಧಕ್ಕೆ ಓಲ್ಡ್ ಆರ್ಡರ್‌ನವರ ವೇಷಭೂಷಣವನ್ನು ತೊಡಿಸಿತು, ಮತ್ತು ಅದರಿಂದ ಆ ಸಂಗತಿಗೆ ಯಾವ ಸಂಬಂಧವೂ ಇಲ್ಲದ ರೈತರು ಅಪರಿಚಿತರ ಕಣ್ಣಿನಲ್ಲಿ ಶಂಕಿತರಾದರು. ದಡಾರದ ಸುದ್ದಿಯಲ್ಲೂ ಹೀಗೆಯೇ ಆಯಿತು. 2024ರ ಅಕ್ಟೋಬರ್‌ನಿಂದ ಒಂದು ವರ್ಷದಲ್ಲಿ ಒಂಟಾರಿಯೊದಲ್ಲಿ 2,000ಕ್ಕೂ ಹೆಚ್ಚು ಜನರಿಗೆ ದಡಾರ ಬಂತು. ಲಸಿಕೆ ಹಾಕಿಸದ ಕೆಲವು ಮೆನೊನೈಟ್ ಮತ್ತು ಅವರ ದಾಯಾದಿ ಪಂಥವಾದ ಆಮಿಶ್ ಸಮುದಾಯಗಳಲ್ಲಿ ಅದು ಹೆಚ್ಚು ಹರಡಿತೆಂದು ಪ್ರಾಂತ್ಯದ ಮುಖ್ಯ ಆರೋಗ್ಯಾಧಿಕಾರಿಯೇ ತಿಳಿಸಿದರು. ಅದನ್ನು ವರದಿ ಮಾಡಲೇಬೇಕಿತ್ತು. ಆದರೆ ಲಸಿಕೆ ಬೇಡ ಎಂಬ ಸಿದ್ಧಾಂತ ಮೆನೊನೈಟ್ ಸಭೆಗಳಿಗೆ ಇಲ್ಲ; ಲಸಿಕೆ ಹಾಕಿಸಿಕೊಂಡವರು ಅವರಲ್ಲಿ ಬೇಕಾದಷ್ಟು ಜನರಿದ್ದಾರೆ ಎಂಬ ಮಾತು ನಾನು ಓದಿದ ಹಲವು ವರದಿಗಳಲ್ಲಿ ಕೊನೆಯ ಸಾಲಿಗೂ ಬರಲಿಲ್ಲ. ಒಂದು ಜನಾಂಗದ ಹೆಸರು ಹೀಗೆ ರೋಗದ ಹೆಸರಿಗೆ ಅಂಟಿಕೊಂಡರೆ ಅದರ ನೋವು ಏನೆಂದು ವಲಸೆ ಬಂದ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹಾಗೆಂದು ಕಹಿ ಸಂಗತಿಗಳನ್ನು ಹೊರಗಿನವರು ಕಟ್ಟಿದ ಸುಳ್ಳು ಎಂದು ತಳ್ಳಿಹಾಕುವವನು ನಾನಲ್ಲ. ಬೊಲಿವಿಯಾದ ಮೆನೊನೈಟ್ ವಸಾಹತೊಂದರಲ್ಲಿ ಅನೇಕ ಹೆಣ್ಣುಮಕ್ಕಳ ಮೇಲೆ ವರ್ಷಗಟ್ಟಲೆ ಅತ್ಯಾಚಾರ ನಡೆದು, 2011ರಲ್ಲಿ ಅಪರಾಧಿಗಳಿಗೆ ಶಿಕ್ಷೆಯಾಯಿತು. ಅದನ್ನು ಆಧಾರವಾಗಿಟ್ಟುಕೊಂಡು ಕಾದಂಬರಿ ಬರೆದ ಮಿರಿಯಂ ಟೇವ್ಸ್ ಮ್ಯಾನಿಟೋಬಾದ ಮೆನೊನೈಟ್ ಊರಾದ ಸ್ಟೈನ್‌ಬಾಕ್‌ನಲ್ಲಿ ಬೆಳೆದವರು. ಮನೆಯೊಳಗಿನವರೇ ಎತ್ತಿದ ಈ ಪ್ರಶ್ನೆಗೆ ಯಾವ ಧಾರಾವಾಹಿಗೂ ಇಲ್ಲದ ತೂಕವಿದೆ ಎಂದು ನಾನು ನಂಬುತ್ತೇನೆ.

ಮೆನೊನೈಟರು ಮಾಧ್ಯಮಗಳಿಂದ ದೂರವಿರುವ ಜನ ಎಂಬ ಮಾತೂ ಅರ್ಧ ಸತ್ಯ. ಇಲ್ಲಿನ ಓಲ್ಡ್ ಆರ್ಡರ್ ಮನೆಗಳಲ್ಲಿ ವಿದ್ಯುತ್ತು, ದೂರವಾಣಿ ಇವೆ. ಟಿವಿ, ರೇಡಿಯೊ, ಇಂಟರ್ನೆಟ್ ಇಲ್ಲ. ಇದು ಅಜ್ಞಾನದಿಂದಲ್ಲ, ಹೊಸದೊಂದು ಬಂದಾಗ ಅದು ಮನೆಮಂದಿಯನ್ನು, ಸಭೆಯನ್ನು ಒಟ್ಟಿಗೆ ಇಡುತ್ತದೆಯೋ ಚದುರಿಸುತ್ತದೆಯೋ ಎಂದು ಕೂತು ಮಾತಾಡಿ ತೀರ್ಮಾನಿಸಿದ್ದು. ಅವರ ಓದು ಮಾತ್ರ ನಮ್ಮಲ್ಲಿ ಅನೇಕರಿಗಿಂತ ಹೆಚ್ಚು. ಕುದುರೆ ಗಾಡಿಯ ಆಮಿಶ್ ಮತ್ತು ಮೆನೊನೈಟರಿಗಾಗಿಯೇ 1975ರಿಂದ ಪೆನ್ಸಿಲ್ವೇನಿಯಾದಲ್ಲಿ ‘ಡಿ ಬೋಟ್‌ಶಾಫ್ಟ್’ ಎಂಬ ವಾರಪತ್ರಿಕೆ ಹೊರಡುತ್ತದೆ. ಅದರ ತುಂಬ ಊರೂರಿನಿಂದ ಬಂದ ಪತ್ರಗಳು: ಮಳೆ ಎಷ್ಟಾಯಿತು, ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ತೀರಿಕೊಂಡರು. ‘ಉಭಯ ಕುಶಲೋಪರಿ’ ಎಂದು ಆರಂಭವಾಗುತ್ತಿದ್ದ ನಮ್ಮ ಅಜ್ಜಂದಿರ ಕಾಗದಗಳನ್ನೆಲ್ಲ ಒಟ್ಟಿಗೆ ಅಚ್ಚುಹಾಕಿದಂತೆ ಅದು ನನಗೆ ಕಂಡಿತು. ಸ್ಟೈನ್‌ಬಾಕ್‌ನಿಂದ 1977ರಲ್ಲಿ ಶುರುವಾದ ‘ಮೆನೊನಿಟಿಶೆ ಪೋಸ್ಟ್’ ಎಂಬ ಜರ್ಮನ್ ಪತ್ರಿಕೆ ಕೆನಡಾ, ಮೆಕ್ಸಿಕೊ, ಬೊಲಿವಿಯಾಗಳಲ್ಲಿ ಚದುರಿದ ಬಳಗವನ್ನು ಇದೇ ರೀತಿ ಹೊಲಿದು ಕೂಡಿಸುತ್ತದೆ. ಏಲ್ಮರ್‌ನಲ್ಲಿ ಲೋ ಜರ್ಮನ್ ನುಡಿಯ ರೇಡಿಯೊ ಕೇಂದ್ರವೇ ಇದೆ. ಹೊರನಾಡಿನಲ್ಲಿ ಕನ್ನಡ ಉಳಿಸಲು ಹೆಣಗುವ ನಾವು ಅವರಿಂದ ಕಲಿಯುವುದು ಬಹಳಷ್ಟಿದೆ.

ತಮ್ಮ ಬಗ್ಗೆ ತಾವೇ ಉಳಿಸಿಕೊಂಡ ಚಿತ್ರವೂ ಒಂದಿದೆ. 1569ರಲ್ಲಿ ಡರ್ಕ್ ವಿಲೆಮ್ಸ್ ಎಂಬವನು ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುವಾಗ, ಬೆನ್ನಟ್ಟಿ ಬಂದವನು ಮಂಜು ಒಡೆದು ಮುಳುಗಿದ. ಡರ್ಕ್ ಹಿಂದಿರುಗಿ ಅವನನ್ನು ಎತ್ತಿದ, ಸಿಕ್ಕಿಬಿದ್ದ, ಜೀವಂತ ಸುಡಲ್ಪಟ್ಟ. ಹುತಾತ್ಮರ ಕಥೆಗಳ ಅವರ ದೊಡ್ಡ ಗ್ರಂಥದ 1685ರ ಆವೃತ್ತಿಯಲ್ಲಿ ಯಾನ್ ಲಾಯ್ಕೆನ್ ಕೊರೆದ ಆ ದೃಶ್ಯವನ್ನು ಅವರ ಮನೆಗಳಲ್ಲಿ ಇಂದಿಗೂ ಮಕ್ಕಳಿಗೆ ತೋರಿಸುತ್ತಾರೆ. 1979ರಲ್ಲಿ ನಿರಾಶ್ರಿತರನ್ನು ಕರೆತರುವ ಒಪ್ಪಂದಕ್ಕೆ ಕೆನಡಾ ಸರ್ಕಾರದೊಡನೆ ಮೊದಲು ಸಹಿ ಹಾಕಿದ್ದು ಅವರ ಸೇವಾಸಂಸ್ಥೆ ಮೆನೊನೈಟ್ ಸೆಂಟ್ರಲ್ ಕಮಿಟಿ ಎಂದು ತಿಳಿದಾಗ ನನಗೆ ಆ ಚಿತ್ರವೇ ನೆನಪಾಯಿತು.

ಫೋಟೊ ತೆಗೆಯಬಹುದೇ ಎಂದೂ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಬಂದ ಮೊದಲ ಬೇಸಿಗೆಯಲ್ಲಿ ಸೇಂಟ್ ಜೇಕಬ್ಸ್ ಸಂತೆಯಲ್ಲಿ ಗಾಡಿಯ ಮೇಲೆ ಕುಳಿತಿದ್ದ ಹುಡುಗಿಯತ್ತ ಕ್ಯಾಮೆರಾ ಹಿಡಿದೆ. ಅವಳು ಥಟ್ಟನೆ ಮುಖ ತಿರುಗಿಸಿ ಟೋಪಿಯ ಅಂಚನ್ನು ಎಳೆದುಕೊಂಡ ರೀತಿ ಇನ್ನೂ ನನ್ನ ಕಣ್ಣಿನಲ್ಲಿದೆ. ತನ್ನ ರೂಪವನ್ನು ಮೆರೆಸುವುದು ಅಹಂಕಾರ ಎಂಬುದು ಅವರ ನಂಬಿಕೆ. ನಿಮ್ಮ ಮಕ್ಕಳ ತರಗತಿಯಲ್ಲಿ ಓಲ್ಡ್ ಆರ್ಡರ್ ಮಕ್ಕಳು ಸಿಗುವುದು ಅಪರೂಪ, ಅವರಿಗೆ ತಮ್ಮದೇ ಚಿಕ್ಕ ಶಾಲೆಗಳಿವೆ. ನೀವು ಅವರನ್ನು ಹೆಚ್ಚಾಗಿ ಕಾಣುವುದು ರಸ್ತೆಯಲ್ಲಿ ಮತ್ತು ತೋಟದ ಬಾಗಿಲಲ್ಲಿ ಮೊಟ್ಟೆ, ತರಕಾರಿ ಕೊಳ್ಳುವಾಗ; ಭಾನುವಾರ ಅದಕ್ಕೆ ಹೋಗಬೇಡಿ, ಅಂದು ಅವರು ಏನನ್ನೂ ಮಾರುವುದಿಲ್ಲ. ಕಾರು ಓಡಿಸುವಾಗ ಮುಂದೆ ಕಿತ್ತಳೆ ಬಣ್ಣದ ತ್ರಿಕೋನ ಹೊತ್ತ ಗಾಡಿ ಕಂಡರೆ ಹಾರನ್ ಹೊಡೆಯದೆ, ವೇಗ ತಗ್ಗಿಸಿ, ಕುದುರೆ ಬೆದರದಷ್ಟು ಅಂತರ ಬಿಟ್ಟು ದಾಟಿ.